ಡಾ. ಹೆನ್ರಿ ಲಿಂಚ್: ವಂಶಾವಳಿಯಲ್ಲಿ ಕ್ಯಾನ್ಸರಿನ ಜಾಡು ಹಿಡಿದ ವೈದ್ಯ

ದೊಡ್ಡಕರುಳಿನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬರಬಲ್ಲುದೆಂಬುದನ್ನು ವೈದ್ಯಲೋಕ ಇಂದು ಒಪ್ಪಿಕೊಂಡಿದೆ. 1960ರ ದಶಕದಲ್ಲಿ ಸ್ಥಿತಿ ಹಾಗಿರಲಿಲ್ಲ. ಈ ಮಾತನ್ನು ಹಿಡಿದ ಹಟ ಬಿಡದೆ ಸಾಧಿಸಿ ತೋರಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಡಾ. ಹೆನ್ರಿ ಟಿ. ಲಿಂಚ್ (1928–2019). ಆನುವಂಶಿಕವಾಗಿ ಬರುವ ಈ ರೋಗದ ಒಂದು ಮುಖ್ಯ ಬಗೆ 'ಲಿಂಚ್ ಸಿಂಡ್ರೋಮ್' ಎಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಮಸಾಚುಸೆಟ್ಸ್ ರಾಜ್ಯದ ಲಾರೆನ್ಸ್‌ನಲ್ಲಿ ಜನಿಸಿದ ಲಿಂಚ್ ಶಾಲೆಯನ್ನು ಅರ್ಧಕ್ಕೇ ಬಿಟ್ಟು, ವಯಸ್ಸು ಮರೆಮಾಚಿ, ಹದಿನಾರನೆಯ ವಯಸ್ಸಿನಲ್ಲಿ ನೌಕಾಪಡೆ ಸೇರಿದರು. ಕೆಲಕಾಲ ಮುಷ್ಟಿಯುದ್ಧದ ಪಟುವೂ ಆಗಿದ್ದರು. ತರುವಾಯ ಓದಿನತ್ತ ಹೊರಳಿ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ತಳಿವಿಜ್ಞಾನವನ್ನು ಅಭ್ಯಸಿಸಿ, 1960ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ವೈದ್ಯಪದವಿ ಗಳಿಸಿದರು.

ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ತರಬೇತಿಯಲ್ಲಿದ್ದಾಗ ಅವರು ಮದ್ಯವ್ಯಸನಿಯೊಬ್ಬನನ್ನು ಕಂಡರು. ತನ್ನ ಮನೆಯವರೆಲ್ಲ ಕರುಳಿನ ಕ್ಯಾನ್ಸರಿನಿಂದ ಸತ್ತಿದ್ದಾರೆ, ತನಗೂ ಅದೇ ಗತಿ. ಆ ಭಯಕ್ಕೇ ಕುಡಿಯುತ್ತೇನೆ ಎಂಬುದು ಅವನ ಅಳಲಾಗಿತ್ತು. ಲಿಂಚ್ ಇದನ್ನು ಕುಡುಕನ ಮಾತೆಂದು ತಳ್ಳಿಹಾಕಲಿಲ್ಲ. ಅವನ ಬಂಧುಗಳನ್ನು ಹುಡುಕಿ, ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೆಯ ವಯಸ್ಸಿನಲ್ಲಿ ರೋಗ ಬಂತೆಂಬುದನ್ನು ದಾಖಲೆಗಳೊಡನೆ ತಾಳೆ ನೋಡಿ ವಂಶಾವಳಿ ರಚಿಸಿದರು. ಇಂತಹ ಎರಡು ದೊಡ್ಡ ಕುಟುಂಬಗಳ ಅಧ್ಯಯನ 1966ರಲ್ಲಿ ಪ್ರಕಟವಾಯಿತು.

ಇದಕ್ಕೆ ಪೂರ್ವಭಾವಿಯಾದ ಒಂದು ದಾಖಲೆಯೂ ಇತ್ತು. 1895ರಲ್ಲಿ ಮಿಶಿಗನ್‌ನ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು, ತನ್ನ ವಂಶದವರಂತೆ ತಾನೂ ಕ್ಯಾನ್ಸರಿನಿಂದಲೇ ಸಾಯುವೆನೆಂದು ಹೇಳಿಕೊಂಡಿದ್ದಳು. ಅವಳು ಗರ್ಭಕೋಶದ ಕ್ಯಾನ್ಸರಿನಿಂದ ಅಕಾಲಮರಣಕ್ಕೀಡಾದಳು. ವಾರ್ತಿನ್ 1913ರಲ್ಲಿ ಆ ಕುಟುಂಬದ ವಿವರಗಳನ್ನು ಪ್ರಕಟಿಸಿದರು. ಲಿಂಚ್ ಮತ್ತು ಆನ್ ಕ್ರಷ್ ಅದೇ ಕುಟುಂಬದ ಮುಂದಿನ ತಲೆಮಾರುಗಳನ್ನು ಹಿಂಬಾಲಿಸಿ 1971ರಲ್ಲಿ ವರದಿ ನೀಡಿದರು.

ಕ್ಯಾನ್ಸರಿಗೆ ಪರಿಸರವೇ ಕಾರಣವೆಂದು ನಂಬಿದ್ದ ಆ ಕಾಲದಲ್ಲಿ ಲಿಂಚ್ ಅವರ ಮಾತಿಗೆ ಮನ್ನಣೆ ಸಿಗಲಿಲ್ಲ. ಸಂಶೋಧನಾ ಅನುದಾನದ ಅರ್ಜಿಗಳು ಮರಳಿ ಮರಳಿ ತಿರಸ್ಕೃತವಾದವು. ಆದರೂ 1967ರಿಂದ ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ಕಾರ್ಯ ಮುಂದುವರಿಸಿದರು. ನರ್ಸ್ ಆಗಿದ್ದ ಪತ್ನಿ ಜೇನ್ ಈ ಕಾರ್ಯದಲ್ಲಿ ಜೊತೆಗೂಡಿದರು.

ನಿರ್ಣಾಯಕ ಪುರಾವೆ 1993ರಲ್ಲಿ ದೊರೆಯಿತು. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎಯ ಪ್ರತಿ ತಯಾರಾಗುತ್ತದೆ. ಅದರಲ್ಲಿ ನುಸುಳುವ ತಪ್ಪುಗಳನ್ನು ಕರಡು ತಿದ್ದುವವರಂತೆ ಸರಿಪಡಿಸುವ ವ್ಯವಸ್ಥೆಯೂ ಕೋಶದಲ್ಲಿದೆ. ಆ ವ್ಯವಸ್ಥೆಗೆ ಸೇರಿದ ಎಂಎಸ್‌ಎಚ್2 ಎಂಬ ವಂಶವಾಹಿಯಲ್ಲಿನ ದೋಷವೇ ಇಂತಹ ಕುಟುಂಬಗಳ ರೋಗಕ್ಕೆ ಮೂಲವೆಂದು ತಿಳಿದುಬಂತು. ಮರುವರ್ಷ ಎಂಎಲ್‌ಎಚ್1, ಬಳಿಕ ಎಂಎಸ್‌ಎಚ್6 ಮತ್ತು ಪಿಎಂಎಸ್2 ವಂಶವಾಹಿಗಳ ಪಾತ್ರವೂ ಬೆಳಕಿಗೆ ಬಂತು. ಆ ಹೊಲಿಗೆಯವಳ ವಂಶದಲ್ಲಿ ಎಂಎಸ್‌ಎಚ್2 ದೋಷವಿದ್ದುದು 2000ದಲ್ಲಿ ಖಚಿತವಾಯಿತು.

ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ, ಗಂಡಾಗಲಿ ಹೆಣ್ಣಾಗಲಿ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಶೇಕಡ 50. ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ 3ರಷ್ಟು ಈ ಬಗೆಯವು. ಮೂವರು ಬಂಧುಗಳಿಗೆ ರೋಗ, ಎರಡು ಸತತ ತಲೆಮಾರುಗಳಲ್ಲಿ ರೋಗ, ಒಬ್ಬರಿಗಾದರೂ 50 ವರ್ಷದೊಳಗೆ ರೋಗ: 1990ರಲ್ಲಿ ರೂಪುಗೊಂಡ 'ಆಮ್‌ಸ್ಟರ್‌ಡ್ಯಾಮ್ ಮಾನದಂಡ'ದ ಸಾರವಿದು.

ದೋಷ ಬಂದವರೆಲ್ಲರಿಗೂ ರೋಗ ಬರಲೇಬೇಕೆಂದಿಲ್ಲ. ದೋಷವಿದೆಯೆಂದು ಗೊತ್ತಾದವರು ಒಂದೆರಡು ವರ್ಷಗಳಿಗೊಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಂಡರೆ ರೋಗವನ್ನು ಮೊಳಕೆಯಲ್ಲಿಯೇ ಗುರುತಿಸಬಹುದು. ವೈದ್ಯರ ಸಲಹೆಯಂತೆ ನಿತ್ಯ ಸೇವಿಸುವ ಆಸ್ಪಿರಿನ್ ಸಹ ಅಪಾಯವನ್ನು ತಗ್ಗಿಸುತ್ತದೆಂದು ಬ್ರಿಟನ್ನಿನ ಜಾನ್ ಬರ್ನ್ ನೇತೃತ್ವದ ಅಧ್ಯಯನ 2011ರಲ್ಲಿ ತೋರಿಸಿತು. ಆ ರೋಗಿ ಹಣೆಬರಹವೆಂದು ಭಾವಿಸಿದ್ದು ಹೀಗೆ ತಡೆಯಬಹುದಾದ ರೋಗವಾಯಿತು.

ನಮ್ಮ ಮನೆಗಳಲ್ಲಿ ಹಿರಿಯರ ಮರಣವನ್ನು 'ಹೊಟ್ಟೆಬೇನೆಯಿಂದ ಹೋದರು' ಎಂದಷ್ಟೇ ಹೇಳಿ ಮುಗಿಸುವುದುಂಟು. ಮಕ್ಕಳ ಸಂಬಂಧ ಕೂಡಿಬರಲಾರದೆಂಬ ಅಂಜಿಕೆಯಿಂದ ರೋಗದ ಹೆಸರನ್ನು ಮುಚ್ಚಿಡುವುದೂ ಉಂಟು. ಬಂಧುಬಳಗ ಊರೂರಿಗೆ ಚದುರಿದ ಮೇಲೆ ಕೇಳೋಣವೆಂದರೂ ಬಲ್ಲವರು ಸಿಗುವುದಿಲ್ಲ. ಹಿರಿಯರು ಇರುವಾಗಲೇ ಯಾರಿಗೆ, ಯಾವ ರೋಗ, ಯಾವ ವಯಸ್ಸಿನಲ್ಲಿ ಬಂದಿತ್ತೆಂದು ಕೇಳಿ ಬರೆದಿಟ್ಟು ವೈದ್ಯರಿಗೆ ತಿಳಿಸುವುದು ಮುಂದಿನವರಿಗೆ ನಾವು ಮಾಡಬಹುದಾದ ಉಪಕಾರ. ಲಿಂಚ್ ಅವರ ಸಂಶೋಧನೆಯೂ ಅಂಥದೇ ಒಂದು ಪ್ರಶ್ನೆಯಿಂದ ಆರಂಭವಾಗಿತ್ತು.