ಹಲಗಲಿಯ ಹಗ್ಗ

ಭೂತನಾಳ ಕೆರೆದಂಡೆಯ ನಾವು ಹಲಗಲಿಯ ಲಾವಣಿ ಕೇಳಿ ಬೆಳೆದವರು. ಆದರೆ ಒಂದು ಮಾತು ಕೇಳಲೇ ಇಲ್ಲ: ಆ ಬೇಡರಿಗೆ ಸಿಕ್ಕ ನ್ಯಾಯ ಎಂಥಾದ್ದು?

1857ರಲ್ಲಿ ಕಂಪನಿ ಸರಕಾರ ಹತಾರ ಕಸಿಯುವ ಕಾಯ್ದೆ ತಂತು. ಮುಧೋಳ ಸಂಸ್ಥಾನದ ಹಲಗಲಿ ಬೇಡರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. 290 ಮಂದಿ ಸೆರೆಯಾದರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13, ಡಿಸೆಂಬರ್ 14ಕ್ಕೆ ಹಲಗಲಿಯಲ್ಲಿ 6 ಜನರಿಗೆ ನೇಣು. ಎರಡೇ ವಾರದಾಗ ಎಲ್ಲಾ ಮುಗೀತು! ದಂಗೆಕೋರರಿಗೆ ಅಪೀಲಿಲ್ಲವೆಂದು ಅದೇ ವರ್ಷ ಕಾಯ್ದೆ ಮಾಡಿದ್ದರು.

ಬಿಳಿಯರು ಹೋದರು, ಹಗ್ಗ ಉಳೀತು. 1987ರ ಟಾಡಾ, ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನೇ ಸಾಕ್ಷಿ ಎಂದಿತು. ವೀರಪ್ಪನ್ ಹೆಸರಲ್ಲಿ ಹಿಡಿದ ಬಡವರು ಮೈಸೂರು ಜೈಲಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು.

ಕೋರ್ಟಿನ ಬಾಗಿಲು ಯಾರಿಗೇ ಮುಚ್ಚಲಿ, ಮೊದಲು ಹೊರಗುಳಿಯೋರು ನಮ್ಮೋರೇ.