ಒಂದು ಕೋಣೆಯ ಮಾತು

ಮಗ ಗಿಟಾರು ಹಿಡಿದರೆ ಸಾಕು, ಸಿಡುಕುತ್ತಿದ್ದವನು ನಾನು. ಅದು ನೆನಪಾದದ್ದು 'ವೇನ್ಸ್ ವರ್ಲ್ಡ್' ನೋಡುವಾಗ.

ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ 1989ರ ಫೆಬ್ರವರಿಯಲ್ಲಿ ಶುರುವಾಗಿ ಮತ್ತೆ ಮತ್ತೆ ಬಂದ ನಗೆಪ್ರಸಂಗ ಇದು. ಇಲಿನಾಯ್ ರಾಜ್ಯದ ಅರೋರಾ ಊರಿನ ಒಂದು ಮನೆಯ ನೆಲಮಾಳಿಗೆ. ಅಲ್ಲೊಂದು ಸೋಫಾ. ಅದರ ಮೇಲೆ ರಾಕ್ ಸಂಗೀತದ ಹುಚ್ಚು ಹಿಡಿದ ವೇನ್ ಮತ್ತು ಗಾರ್ತ್. ಹುಡುಗರ ವೇಷ ಹಾಕಿದವರು ಹರೆಯ ದಾಟಿದ ಮೈಕ್ ಮೈಯರ್ಸ್ ಹಾಗೂ ಡೇನಾ ಕಾರ್ವಿ.

ಹುಡುಗರ ಮಾತುಕತೆ ಕೇಬಲ್ಲಿನ ಸಾರ್ವಜನಿಕ ವಾಹಿನಿಯಲ್ಲಿ ಬರುತ್ತದೆಂಬುದು ಕಥೆ. ಅಂಥ ವಾಹಿನಿ ಬರೀ ಕಲ್ಪನೆಯಲ್ಲ. 1970ರ ದಶಕದಿಂದ ಅಲ್ಲಿನ ಅನೇಕ ಊರುಗಳಲ್ಲಿ ಕೇಬಲ್ ಕಂಪನಿಗಳು ಜನಸಾಮಾನ್ಯರಿಗೆಂದು ಒಂದು ವಾಹಿನಿ ಬಿಟ್ಟುಕೊಡಬೇಕಿತ್ತು. ಹೇಳಲು ಏನಿದ್ದರೂ ಸರಿ, ಜಾಗವಂತೂ ಇತ್ತು.

1992ರಲ್ಲಿ ಇದೇ ಚಲನಚಿತ್ರವಾಯಿತು. ಕಾರಿನಲ್ಲಿ ಹುಡುಗರು ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸೋಡಿ'ಗೆ ತಲೆ ಕುಣಿಸಿದರು. 1975ರ ಆ ಹಾಡು ಮೊದಲ ಸಲ ಅಮೆರಿಕದ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೇ ನಿಂತಿತ್ತು. ಈ ಸಲ 2ನೆಯದಕ್ಕೇರಿತು. ಹಾಡಿದ ಫ್ರೆಡ್ಡಿ ಮರ್ಕ್ಯುರಿ 1991ರ ನವೆಂಬರಿನಲ್ಲೇ ತೀರಿಕೊಂಡಿದ್ದ. ಜಗತ್ತು ನಕ್ಕ ಹುಚ್ಚೇ ಅವನ ಹಾಡನ್ನು ಮತ್ತೆ ಎಬ್ಬಿಸಿತು.

ನನ್ನ ಮಗ ಈಗ ಗಿಟಾರು ಮುಟ್ಟುವುದಿಲ್ಲ. ಆಗ ಒಂದು ಕೋಣೆಯನ್ನಾದರೂ ಬಿಟ್ಟುಕೊಡಬಹುದಿತ್ತು.