ದುಡಿಮೆಯ ಅಳತೆಗೋಲು: ಬಳ್ಳಾರಿ ಸೀಮೆಯ ಚರಿತ್ರೆಯಿಂದ ಕೆಲವು ವಿಚಾರಗಳು

ಒಬ್ಬ ಮನುಷ್ಯನ ದುಡಿಮೆಗೆ ಇಷ್ಟು ಪ್ರತಿಫಲವೆಂದು ಗೊತ್ತುಮಾಡಬೇಕಾದರೆ ಆ ದುಡಿಮೆಯನ್ನು ಮೊದಲು ಅಳೆಯಬೇಕಾಗುತ್ತದೆ. ಅಳೆಯುವ ಸಾಧನ ಯಾವುದು, ಅದನ್ನು ಕೈಯಲ್ಲಿ ಹಿಡಿದವರು ಯಾರು, ಅಳತೆ ತಪ್ಪಿದಾಗ ಉತ್ತರ ಕೊಡಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳು ಅದರೊಡನೆಯೇ ಹುಟ್ಟುತ್ತವೆ. ನಮ್ಮ ಆರ್ಥಿಕ ಚರಿತ್ರೆಯಲ್ಲಿ ಕಂದಾಯ, ಬೆಳೆ, ಬೆಲೆಗಳ ವಿಚಾರವಾಗಿ ವಿಪುಲವಾದ ಚರ್ಚೆ ನಡೆದಿದೆ. ಈ ಅಳತೆಯ ವಿಚಾರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದೇ ಹೇಳಬೇಕು. ಯಂತ್ರವು ಬಂದು ಮನುಷ್ಯನ ಕೆಲಸವನ್ನು ಕಸಿದುಕೊಂಡಿತೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ಯಂತ್ರವೂ ಅದನ್ನು ನಡೆಸುವ ಸಂಸ್ಥೆಯೂ ಕೆಲಸವನ್ನು ಕಸಿಯುವುದಕ್ಕೆ ಮುಂಚೆ ಕೆಲಸದ ಅಳತೆಯನ್ನು ಬದಲಾಯಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಸೀಮೆಯ ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಈ ಮೂರು ಸ್ಥಳಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಹನ್ನೆರಡನೆಯ ಶತಮಾನದಲ್ಲಿ ಸಿಂದರ ಆಳ್ವಿಕೆಯ ಕೇಂದ್ರವಾಗಿದ್ದ ಕುರುಗೋಡು, ಬೆಟ್ಟಗಳ ಮಗ್ಗುಲಲ್ಲಿರುವ ಪ್ರಾಚೀನ ಪಟ್ಟಣ. ಸುತ್ತಲಿನ ಎರೆನೆಲದ ಬೇಸಾಯವು ಬಹುಕಾಲ ಮಳೆಯನ್ನೇ ನಂಬಿದ್ದಿತು. ಸಿರುಗುಪ್ಪವು ತುಂಗಭದ್ರೆಯ ನೀರನ್ನು ಕಾಲುವೆಯ ಮೂಲಕ ಪಡೆದ ಭತ್ತದ ನಾಡು. ಬಳ್ಳಾರಿಯು ಕೋಟೆ, ದಂಡು, ರೈಲು, ಹತ್ತಿಯ ಪೇಟೆ ಇವುಗಳಿಂದ ಬೆಳೆದ ನಗರ. ಹೊಲ, ಕಾಲುವೆ, ಕಾರ್ಖಾನೆಗಳ ದುಡಿಮೆಯನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

1

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಆ ವರ್ಷದಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ, ಇಲ್ಲಿಯ ಪ್ರತಿಯೊಂದು ಗ್ರಾಮವೂ ತನ್ನ ಹನ್ನೆರಡು ಮಂದಿ ಆಯಗಾರರೊಡನೆ ಒಂದು ಪುಟ್ಟ ಗಣರಾಜ್ಯದಂತಿದೆಯೆಂದು 1806ರ ತನ್ನ ವರದಿಯಲ್ಲಿ ವರ್ಣಿಸಿದನು. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರುಗಂಟಿ ಮುಂತಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯವು ಸಲ್ಲುತ್ತಿದ್ದಿತು. ಕಮ್ಮಾರನು ವರ್ಷದಲ್ಲಿ ಎಷ್ಟು ಕುಳಗಳನ್ನು ಬಡಿದನು, ನೀರುಗಂಟಿಯು ಎಷ್ಟು ರಾತ್ರಿ ತೂಬಿನ ಬಳಿ ಎಚ್ಚರವಿದ್ದನು ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ. ಅಳೆಯುತ್ತಿದ್ದುದು ಧಾನ್ಯವನ್ನು, ದುಡಿಮೆಯನ್ನಲ್ಲ. ರಾಶಿಯು ದೊಡ್ಡದಾದರೆ ಆಯವೂ ದೊಡ್ಡದಾಗುತ್ತಿದ್ದಿತು. ಬೆಳೆ ಹೋದ ವರ್ಷ ಎಲ್ಲರ ಹೊಟ್ಟೆಗೂ ಕಡಮೆಯಾಗುತ್ತಿದ್ದಿತು.

ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಗೆಯುವುದು ಸರಿಯಲ್ಲ. ಆಯವು ಜಾತಿಗೆ ಅಂಟಿಕೊಂಡಿದ್ದಿತು; ಕಸಬನ್ನು ಬಿಡುವ ಸ್ವಾತಂತ್ರ್ಯವು ಕೆಳಗಿನವನಿಗೆ ಇರಲಿಲ್ಲ; ಕೊಳಗವು ಯಾವಾಗಲೂ ಉಳ್ಳವನ ಕೈಯಲ್ಲಿಯೇ ಇರುತ್ತಿದ್ದಿತು. ಆದರೂ ಒಂದು ವಿಶೇಷವನ್ನು ನಾವು ಗಮನಿಸಬೇಕು. ಅಳತೆಯು ಊರಿನವರೆಲ್ಲರ ಕಣ್ಣೆದುರಿಗೆ, ಕಣದಲ್ಲಿಯೇ ನಡೆಯುತ್ತಿದ್ದಿತು. ಅಳೆದವನೂ ಅಳೆಯಿಸಿಕೊಂಡವನೂ ಮರುದಿನ ಒಂದೇ ಬಾವಿಯ ದಾರಿಯಲ್ಲಿ ಅಲ್ಲದಿದ್ದರೂ ಒಂದೇ ಊರಿನ ಬೀದಿಯಲ್ಲಿ ಎದುರಾಗಲೇಬೇಕಿದ್ದಿತು.

2

ಅಳತೆಗೋಲು ಊರನ್ನು ಬಿಟ್ಟು ಕಚೇರಿಯ ಕಡತವನ್ನು ಸೇರಿದುದಕ್ಕೆ 1876-78ರ ಮಹಾಕ್ಷಾಮವು ಅತ್ಯಂತ ದಾರುಣವಾದ ನಿದರ್ಶನ. ಡೊಗಿಬರದ ಹೆಸರಿನಿಂದ ಉತ್ತರ ಕರ್ನಾಟಕದ ನೆನಪಿನಲ್ಲಿ ಉಳಿದ ಬರಗಳ ಸಾಲಿನಲ್ಲಿ ಇದರಷ್ಟು ವಿನಾಶಕಾರಿಯಾದುದು ವಿರಳ. ಮದರಾಸು ಆಧಿಪತ್ಯದಲ್ಲಿ ಅತಿ ಹೆಚ್ಚು ನಷ್ಟಪಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿಯ ಜನಸಂಖ್ಯೆಯು ಸುಮಾರು ಐದನೆಯ ಒಂದು ಪಾಲಿನಷ್ಟು ಕುಗ್ಗಿತು. ರೈಲು ಆ ವೇಳೆಗಾಗಲೇ ಬಂದಿದ್ದಿತು. ಅದು ಧಾನ್ಯವನ್ನು ತರಬಲ್ಲದಾಗಿದ್ದಿತೇ ಹೊರತು ಕೊಳ್ಳುವ ಶಕ್ತಿಯನ್ನು ತರಲಾರದಾಗಿದ್ದಿತು.

ಹಸಿದವರಿಗೆ ಸರ್ಕಾರವು ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಅಲ್ಲಿ ಅನ್ನಕ್ಕೆ ಪ್ರತಿಯಾಗಿ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. 1877ರ ಜನವರಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ವೆಚ್ಚವನ್ನು ಇಳಿಸುವ ಉದ್ದೇಶದಿಂದ, ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಅರ್ಧಾಣೆಯೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಮನುಷ್ಯನ ದೇಹವು ಎಷ್ಟರಿಂದ ಬದುಕಬಲ್ಲದು, ಎಷ್ಟು ಮಣ್ಣನ್ನು ಹೊರಬಲ್ಲದು ಎಂಬ ಎರಡು ಅಳತೆಗಳನ್ನು, ಆ ಮಣ್ಣನ್ನು ಹೊರದವರು ಹೀಗೆ ನಿಷ್ಕರ್ಷಿಸಿದರು.

ಇದನ್ನು ಪ್ರಶ್ನಿಸಿದವನು ಮದರಾಸಿನ ಆರೋಗ್ಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷ್. ಸೆರೆಮನೆಯ ಕೈದಿಗಳಿಗೆ ಕೊಡುವ ಆಹಾರದ ಪ್ರಮಾಣವನ್ನು ಮುಂದಿಟ್ಟು, ಈ ಕೂಲಿಯಿಂದ ದುಡಿಯುವ ದೇಹವು ಉಳಿಯದೆಂದು ಆತನು ವಾದಿಸಿದನು. ಟೆಂಪಲ್ಲನು ಒಪ್ಪಲಿಲ್ಲ, ಇಬ್ಬರ ನಡುವೆ ದೀರ್ಘವಾದ ಬರವಣಿಗೆಯ ವಾಗ್ವಾದ ನಡೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಮದರಾಸು ಸರ್ಕಾರವು ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದುವು.

ಈ ಪ್ರಸಂಗದಲ್ಲಿ ಟೆಂಪಲ್ಲನನ್ನು ಕ್ರೂರಿಯೆಂದು ಕರೆದು ಮುಗಿಸಿಬಿಡುವುದು ಸುಲಭ. ಆದರೆ ಆತನು ಗಡಿಬಿಡಿಯಲ್ಲಿ ಸುತ್ತುತ್ತಿದ್ದ ದಕ್ಷ ಅಧಿಕಾರಿ. ತನ್ನ ಮೇಲಿನವರು ಕೇಳಿದ ಮಿತವ್ಯಯವನ್ನು ಮಾಡಿ ತೋರಿಸಿದನು. ಕಾರ್ನಿಷನೂ ಅದೇ ಸರ್ಕಾರದ ನೌಕರನೇ. ಒಂದೇ ಸಂಸ್ಥೆಯೊಳಗೆ ಒಬ್ಬನು ಅಳತೆಯನ್ನು ವಿಧಿಸಿದನು, ಇನ್ನೊಬ್ಬನು ಅಳತೆಯನ್ನೇ ಅಳೆದು ನೋಡಿದನು. ಸಂಸ್ಥೆಯ ನೀತಿಯು ಈ ಎರಡನೆಯವನಿಗೆ ಎಷ್ಟು ಎಡೆಯಿದೆ ಎಂಬುದನ್ನು ಅವಲಂಬಿಸಿರುತ್ತದೆ.

3

ಮೂರನೆಯ ಅಳತೆ ಗಡಿಯಾರದ್ದು. ಕರ್ನಾಟಕದ ಎರೆನೆಲದ ಸೀಮೆಯಲ್ಲಿ ಹಿಂದೆ ಕಬ್ಬಿಣದ ಸಲಾಕೆಯನ್ನು ಚಪ್ಪಟೆ ಕಲ್ಲಿನ ಮೇಲೆ ಪಾದದಿಂದ ಉರುಳಿಸಿ ಹತ್ತಿಯ ಬೀಜವನ್ನು ಬೇರ್ಪಡಿಸುತ್ತಿದ್ದರು. ಇದು ಮುಖ್ಯವಾಗಿ ಹೆಂಗಸರ ಮನೆಗೆಲಸ. ನಡುವೆ ಎದ್ದು ಮಗುವಿಗೆ ಹಾಲೂಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಉಗಿಯಿಂದ ನಡೆಯುವ ಜಿನ್ನುಗಳೂ ಅರಳೆಯನ್ನು ಬೇಲು ಮಾಡುವ ಪ್ರೆಸ್ಸುಗಳೂ ಬಂದಮೇಲೆ ಅದೇ ಹೆಂಗಸರು ಕಾರ್ಖಾನೆಯ ಕೂಲಿಗಳಾದರು. ಕೈ ಅದೇ, ಹತ್ತಿ ಅದೇ. ಹೊತ್ತು ಮಾತ್ರ ಯಂತ್ರದ್ದಾಯಿತು.

ಹೊತ್ತಿಗೆ ಮಿತಿಯನ್ನು ಹಾಕುವುದು ಕಾನೂನಿನ ಕೆಲಸವಾಯಿತು. 1881ರ ಮೊದಲನೆಯ ಕಾರ್ಖಾನೆ ಕಾನೂನು ನೂರು ಮಂದಿ ದುಡಿಯುವ, ವರ್ಷಕ್ಕೆ ನಾಲ್ಕು ತಿಂಗಳಾದರೂ ನಡೆಯುವ ಯಂತ್ರಾಲಯಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಸುಗ್ಗಿಯಲ್ಲಿ ಹಗಲಿರುಳು ನಡೆದು ಆಮೇಲೆ ಬಾಗಿಲು ಹಾಕುವ ಜಿನ್ನುಗಳು ಹೀಗೆ ಕಾನೂನಿನ ಬಲೆಯಿಂದ ನುಸುಳಿಕೊಂಡುವು. 1891ರಲ್ಲಿ ನೂರು ಎಂಬುದು ಐವತ್ತಾಯಿತು. ನಾಲ್ಕು ತಿಂಗಳಿಗಿಂತ ಕಡಮೆ ನಡೆಯುವ ಕಾರ್ಖಾನೆಗಳು 1911ರಲ್ಲಿ ಕಾನೂನಿನೊಳಗೆ ಬಂದುವು. 1922ರಲ್ಲಿ ಐವತ್ತು ಎಂಬುದು ಇಪ್ಪತ್ತಾಗಿ, ವಯಸ್ಕರಿಗೆ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಯ ಮಿತಿ ಬಂದಿತು. 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆಯೆಂದು ಇಳಿಸಿದರೂ ಜಿನ್ನಿಂಗ್ ಮೊದಲಾದ ಸುಗ್ಗಿಯ ಕಾರ್ಖಾನೆಗಳಿಗೆ 60 ಗಂಟೆಯೇ ಉಳಿಯಿತು. 1948ರ ಕಾನೂನು ಈ ಭೇದವನ್ನು ತೊಡೆದುಹಾಕಿ ಎಲ್ಲರಿಗೂ ವಾರಕ್ಕೆ 48 ಗಂಟೆಗಳನ್ನು ವಿಧಿಸಿತು. ವಿದ್ಯುತ್ತಿನಿಂದ ನಡೆಯುವ ಕಡೆ ಹತ್ತು ಮಂದಿಯಿದ್ದರೆ ಅದನ್ನು ಕಾರ್ಖಾನೆಯೆಂದು ಎಣಿಸಿತು. ಹತ್ತಿಯನ್ನು ಬಿಡಿಸುವ ಓಪನರ್ ಯಂತ್ರವಿರುವ ಪ್ರೆಸ್ಸಿನ ಭಾಗದಲ್ಲಿ ಹೆಂಗಸರೂ ಮಕ್ಕಳೂ ದುಡಿಯಕೂಡದೆಂದು ಆ ಕಾನೂನಿನ 27ನೆಯ ಪ್ರಕರಣವು ನಿಷೇಧಿಸಿತು. ಬಳ್ಳಾರಿ, ಆದವಾನಿಗಳಂತಹ ಹತ್ತಿಯ ಪೇಟೆಗಳಿಗೆ ಈ ಒಂದೊಂದು ತಿದ್ದುಪಡಿಯೂ ಬರಿಯ ಅಕ್ಷರವಾಗಿರಲಿಲ್ಲ. ದಿನದಲ್ಲಿ ಒಂದು ಗಂಟೆಯ ಬಿಡುವು ಅಥವಾ ಬಿಡುವಿಲ್ಲದಿರುವಿಕೆ ಆಗಿದ್ದಿತು.

1911ನೆಯ ವರ್ಷವು ಇನ್ನೊಂದು ಕಾರಣದಿಂದಲೂ ಸ್ಮರಣೀಯ. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರನು ವೈಜ್ಞಾನಿಕ ಆಡಳಿತದ ವಿಚಾರವಾದ ತನ್ನ ಗ್ರಂಥವನ್ನು ಪ್ರಕಟಿಸಿದುದು ಆ ವರ್ಷದಲ್ಲಿಯೇ. ಕೆಲಸಗಾರನ ಒಂದೊಂದು ಚಲನೆಯನ್ನೂ ನಿಲುಗಡಿಯಾರದಿಂದ ಅಳೆದು, ಕೆಲಸ ಮಾಡತಕ್ಕ ಒಂದೇ ಉತ್ತಮ ಕ್ರಮವನ್ನು ಗೊತ್ತುಮಾಡಬಹುದೆಂದು ಆತನ ಸಿದ್ಧಾಂತ. ಅದೇ ಆಗಸ್ಟಿನಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಎರಕಗಾರರು ಈ ಗಡಿಯಾರವನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. 1915ರಲ್ಲಿ ಅಮೆರಿಕದ ಶಾಸನಸಭೆಯು ಸೈನ್ಯದ ವೆಚ್ಚದ ಮಸೂದೆಗೆ ಷರತ್ತನ್ನು ಸೇರಿಸಿ ಅಂತಹ ಅಳತೆಗೆ ಹಣ ಸಲ್ಲದಂತೆ ಮಾಡಿತು. ಗಡಿಯಾರವು ಎರಡು ಅಲಗಿನ ಆಯುಧವೆಂಬುದು ಇದರಿಂದ ವಿದಿತವಾಗುತ್ತದೆ: ಕಾನೂನಿನ ಕೈಯಲ್ಲಿ ಅದು ದುಡಿಮೆಗೆ ಎಲ್ಲೆಯನ್ನು ಹಾಕಿತು, ಮಾಲಿಕನ ಕೈಯಲ್ಲಿ ಎಲ್ಲೆಯನ್ನು ಹಿಗ್ಗಿಸಿತು.

4

ಸಿರುಗುಪ್ಪದ ಕಡೆಗೆ ತಿರುಗಿದರೆ ಅಳತೆಗೆ ಸಿಕ್ಕದ ದುಡಿಮೆಯ ಪ್ರಶ್ನೆಯು ಎದುರಾಗುತ್ತದೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪದ ಕಾಲುವೆಯೂ ದೇಶನೂರಿನ ಕಾಲುವೆಯೂ ಸೇರಿವೆ. 1945ರಲ್ಲಿ ಮದರಾಸು, ಹೈದರಾಬಾದು ಸರ್ಕಾರಗಳು ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಭತ್ತವು ಹಬ್ಬಿದಂತೆ ಅಕ್ಕಿಯ ಗಿರಣಿಗಳು ಎದ್ದುವು. ಒನಕೆಯ ಕೂಲಿಯು ಅಳಿಯಿತು. ತೂಬಿನ ನೀರುಗಂಟಿಯ ಸ್ಥಾನಕ್ಕೆ ಇಲಾಖೆಯ ನೌಕರನು ಬಂದನು.

ತೂಬನ್ನು ಕಾಯುವವನ ಕೆಲಸಕ್ಕೆ ಒಂದು ಸ್ವಭಾವವುಂಟು: ಅದು ಚೆನ್ನಾಗಿ ನಡೆದಾಗ ಏನೂ ಕಾಣುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ತೂಬುಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗಾಗಿ ಪ್ರವಾಹವನ್ನು ತಡೆದ ಕೆಲಸಗಾರರ ಸಾಹಸವನ್ನು ನಾಡೆಲ್ಲ ಕೊಂಡಾಡಿತು. ಆ ಕೊಂಡಾಟವು ನ್ಯಾಯವಾದುದೇ. ಆದರೆ ಎಪ್ಪತ್ತು ವರ್ಷಗಳ ಕಾಲ ಸರಪಳಿಗಳಿಗೆ ಎಣ್ಣೆ ಹಚ್ಚಿ ಕಾದವರನ್ನು ಯಾರು ಎಣಿಸಿದ್ದರು? ಎಣಿಕೆಗೆ ಬರುವುದನ್ನೇ ಕೆಲಸವೆಂದು ತಿಳಿಯುವ ಸಂಸ್ಥೆಯಲ್ಲಿ ಕಾಪಾಡುವ ಕೆಲಸವು ಮೊದಲು ಸೊರಗುತ್ತದೆ.

5

ಇಂದಿನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡೋಣ. ಬಳ್ಳಾರಿಯು ಈಗ ಜೀನ್ಸ್ ಉಡುಪುಗಳಿಗೆ ಹೆಸರಾಗಿದೆ. ಕತ್ತರಿಸುವುದು, ಹೊಲಿಯುವುದು, ತೊಳೆಯುವುದು ಬೇರೆ ಬೇರೆ ಸಣ್ಣ ಘಟಕಗಳಲ್ಲಿ ನಡೆಯುತ್ತವೆ. ಹೊಲಿಗೆಗೆ ಉಡುಪಿನ ಎಣಿಕೆಯ ಲೆಕ್ಕದಲ್ಲಿ ಕೂಲಿ ಸಲ್ಲುವುದು ರೂಢಿ. ಎಣಿಕೆಯ ಲೆಕ್ಕದಲ್ಲಿ ದುಡಿಯುವವನು ತನಗೆ ತಾನೇ ಮೇಸ್ತ್ರಿಯಾಗುತ್ತಾನೆ. ಮಾಲಿಕನು ಗಡಿಯಾರವನ್ನು ನೋಡಬೇಕಿಲ್ಲ.

2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯು ಹದಿಮೂರು ಕಾನೂನುಗಳನ್ನು ಒಂದುಗೂಡಿಸಿ, ವಿದ್ಯುತ್ತಿನ ಕಾರ್ಖಾನೆಯ ಎಣಿಕೆಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿತು. ನೂರರಿಂದ ಹತ್ತಕ್ಕೆ ಇಳಿಯಲು 67 ವರ್ಷಗಳು ಹಿಡಿದ ಸಂಖ್ಯೆಯು ಹೀಗೆ ಮೊದಲ ಬಾರಿಗೆ ಮೇಲಕ್ಕೆ ತಿರುಗಿತು. 2023ರಲ್ಲಿ ಕರ್ನಾಟಕದ ಶಾಸನಸಭೆಯು ವಾರದ 48 ಗಂಟೆಗಳ ಮಿತಿಯನ್ನು ಉಳಿಸಿ, ಕೆಲಸಗಾರನ ಲಿಖಿತ ಒಪ್ಪಿಗೆಯ ಮೇಲೆ ದಿನಕ್ಕೆ 12 ಗಂಟೆಗಳ ದುಡಿಮೆಗೆ ಅವಕಾಶವಿತ್ತಿತು. ಸಣ್ಣ ಘಟಕದಲ್ಲಿ ಒಬ್ಬಂಟಿಯಾಗಿ ನಿಂತವನ ಒಪ್ಪಿಗೆಗೆ ಎಷ್ಟು ತೂಕವುಂಟೆಂಬುದು ವಿಚಾರಾರ್ಹ.

ಹಳ್ಳಿಗಳಲ್ಲಿ 2005ರ ಉದ್ಯೋಗ ಖಾತರಿಯ ಕಾನೂನು ಕೆಲಸವನ್ನು ದಾನವೆಂದಲ್ಲ, ಹಕ್ಕೆಂದು ಕರೆಯಿತು. 1877ರ ಕಾಮಗಾರಿಗೂ ಇದಕ್ಕೂ ಇರುವ ಅಂತರವು ಅಪಾರ. ಆದರೆ 2023ರ ಜನವರಿ 1ರಿಂದ ಆ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಹಾಜರಿಯನ್ನು ದಾಖಲಿಸುವುದು ಕಡ್ಡಾಯವಾಯಿತು. ಸುಳ್ಳು ಹಾಜರಿಯನ್ನು ತಡೆಯುವ ಉದ್ದೇಶವು ಸಾಧುವಾದುದೇ. ಆದರೆ ಸಂಪರ್ಕಜಾಲವು ಸಿಕ್ಕದ ಕಡೆ ದುಡಿದರೂ ಕೂಲಿ ತಪ್ಪಿತೆಂಬ ದೂರುಗಳು ದೇಶದ ಹಲವು ಕಡೆಗಳಿಂದ ಬಂದುವು. ಯಂತ್ರವು ಹಾಜರಿಯಿಲ್ಲವೆಂದರೆ ಅಗೆದ ಗುಂಡಿಯು ಸಾಕ್ಷಿಯಾಗಲಾರದು. ಯಂತ್ರವನ್ನು ಎದುರು ನಿಂತು ಕೇಳುವುದು ಹೇಗೆ? ಕಾರ್ನಿಷನು ವಾದಿಸುವುದಕ್ಕೆ ಟೆಂಪಲ್ಲನಾದರೂ ಇದ್ದನು.

6

ಇದುವರೆಗಿನ ವಿವೇಚನೆಯಿಂದ ಅಳತೆಯೇ ಕೆಡುಕೆಂಬ ನಿರ್ಣಯಕ್ಕೆ ಬರಲಾಗದು. ಅಳತೆಯಿಲ್ಲದ ಕಣದಲ್ಲಿ ಬಿಡುಗಡೆಯಿರಲಿಲ್ಲ. ಗಡಿಯಾರದ ಅಳತೆಯಿಂದಲೇ ಹತ್ತಿಯ ಕಾರ್ಖಾನೆಯ ಹೆಂಗಸಿಗೆ ಸಂಜೆಯು ದೊರೆಯಿತು. ಅಳತೆಗೆ ಒಳಗಾಗುವವರು ಅದನ್ನು ಗೊತ್ತುಮಾಡುವುದರಲ್ಲಿ ಪಾಲುಗಾರರೇ, ಅದು ತಪ್ಪಿದಾಗ ಕೇಳಲು ಒಬ್ಬ ಮನುಷ್ಯನಿದ್ದಾನೆಯೇ ಎಂಬ ಎರಡು ಒರೆಗಲ್ಲುಗಳಿಂದ ಪ್ರತಿಯೊಂದು ಹೊಸ ಯಂತ್ರವನ್ನೂ ಪರೀಕ್ಷಿಸಬೇಕೆಂಬುದಷ್ಟೇ ನಮ್ಮ ವಾದ.

ಈ ವಿಚಾರವು ನಮಗೆ ಹೊರಗಿನಿಂದ ಬಂದುದಲ್ಲ. ತುಂಗಭದ್ರೆಯ ಆಚೆ, ರಾಯಚೂರು ಸೀಮೆಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಐತಿಹ್ಯವು ಸುಪ್ರಸಿದ್ಧ. ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು. ಇದನ್ನು ಅಲ್ಪತೃಪ್ತಿಯ ಉಪದೇಶವೆಂದು ದುಡಿಯುವವರಿಗೆ ಹೇಳಿಕೊಡುವುದುಂಟು. ಅದು ಸರಿಯಾದ ಗ್ರಹಿಕೆಯಲ್ಲ. ಈ ಕಥೆಯಲ್ಲಿ ಸಾಕೆಂಬ ಅಳತೆಯನ್ನು ಅರಸನಾಗಲಿ ಅಧಿಕಾರಿಯಾಗಲಿ ವಿಧಿಸಲಿಲ್ಲ. ಅದನ್ನು ನಿರ್ಣಯಿಸಿದವಳು ಆ ದುಡಿಮೆಯಿಂದ ಅಡಿಗೆ ಮಾಡಬೇಕಾದ ಹೆಂಗಸು. ಟೆಂಪಲ್ಲನ ಒಂದು ಪೌಂಡಿಗೂ ಲಕ್ಕಮ್ಮನ ಅಕ್ಕಿಗೂ ಇರುವ ಭೇದವು ಪ್ರಮಾಣದ ಭೇದವಲ್ಲ, ಕೈಯ ಭೇದ. ಮುಂದಿನ ಸಂಶೋಧಕರು ಈ ಸೀಮೆಯ ಗಿರಣಿ, ಕಾಲುವೆ, ಹೊಲಿಗೆಮನೆಗಳ ಚರಿತ್ರೆಯನ್ನು ಬರೆಯುವಾಗ ಎಷ್ಟು ಉತ್ಪನ್ನವಾಯಿತೆಂಬುದರ ಜೊತೆಗೆ ಅಳತೆಗೋಲು ಯಾರ ಕೈಯಲ್ಲಿದ್ದಿತೆಂಬುದನ್ನೂ ದಾಖಲಿಸಿದರೆ ಈ ಪ್ರಬಂಧದ ಉದ್ದೇಶವು ಸಫಲವಾದಂತೆ.